ಗದ್ದುಗೆ ಅಲ್ಲಾಡಿಸಲು ಹೊರಟ ಆಲ್ಬಂ

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವವಳು ಅವಳು. ಊರಿನ ಅರ್ಧ ಜನಕ್ಕೆ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತು. ತರಕಾರಿ ಅಂಗಡಿಯಲ್ಲಿ ಚೌಕಾಶಿಗೆ ಬಾಯಿ ತೆರೆದರೆ ಪಕ್ಕದಲ್ಲಿದ್ದವರು ತಮಗರಿವಿಲ್ಲದೆ ಚೀಲ ಎತ್ತಿಕೊಳ್ಳುತ್ತಿದ್ದರು. ನಿಲ್ದಾಣದವರೆಲ್ಲ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಕೆಲಸ ಗುತ್ತಿಗೆಯದು, ಮ್ಯಾನೇಜರ್ ಮುಖ ಗಂಟಿಕ್ಕಿದರೆ ಅಂದೇ ಮನೆ ದಾರಿ.

ಗಂಡ ಅಲ್ಲಿಯೇ ಡ್ರೈವರ್ ಆಗಿದ್ದ. ಬ್ರೇಕ್ ಹಿಡಿಯದ ಬಸ್ಸು ಓಡಿಸುವುದಿಲ್ಲ ಎಂದು ಅವನೂ ಅವನ ಜೊತೆಯವರೂ ಕೀಲಿ ವಾಪಸು ಕೊಟ್ಟು ಕೂತರು. ಸಾರಿಗೆ ಮಂತ್ರಿ ಅವರನ್ನೆಲ್ಲ ಕೆಲಸದಿಂದ ತೆಗೆಸಿದ್ದಷ್ಟೇ ಅಲ್ಲ, ಕುಡಿದು ಗಾಡಿ ಹತ್ತುವವರನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿಬಿಟ್ಟ. ಗಂಡನೋ, ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ಅಂದಿನಿಂದ ಅವನು ಬಾಗಿಲಿಗೆ ಬಂದರೆ ಸಾಕು, ಎದುರುಮನೆಯವರು ಮೂಗು ಅರಳಿಸಿ ವಾಸನೆ ಹಿಡಿಯುತ್ತಿದ್ದರು. ಅವನು ಹೊಸಿಲು ದಾಟುವುದನ್ನೇ ಬಿಟ್ಟ. ಗಂಡನ ಮುಖಕ್ಕೆ ಬಳಿದ ಈ ಮಸಿಯನ್ನು ತೊಳೆಯುವುದು ಹೇಗೆ ಎಂಬುದೊಂದೇ ಮೈಕಕ್ಕನ ತಲೆ ಕೊರೆಯುತ್ತಿತ್ತು.

ಆಗ ಎದೆ ಉಬ್ಬಿಸಿಕೊಂಡು ಬಂದವನು ಅವಳ ತಮ್ಮ. ವೃತ್ತಿಯಲ್ಲಿ ಕ್ರಾಂತಿಕಾರಿ, ಅಂದರೆ ಊರೆಲ್ಲ ಊಟಕ್ಕೆ ಕೂತಾಗ ಹಾಸಿಗೆ ಬಿಟ್ಟು ಏಳುವವನು. ಸದ್ದು ಹೊರಗೆ ಹೋಗದಂತೆ ಕೋಣೆಯ ಗೋಡೆಗಳಿಗೆ ಮೊಟ್ಟೆಯ ಖಾಲಿ ಟ್ರೇ ಅಂಟಿಸಿ, ಬಾಗಿಲಿಗೆ ಹಾಸಿಗೆ ಒರಗಿಸಿ, ಕಂಪ್ಯೂಟರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕಟ್ಟುತ್ತಿದ್ದ. ಈ ಸಲದ ಆಲ್ಬಂ ಸರ್ಕಾರದ ವಿರುದ್ಧ. ಹೆಸರು ‘ಗದ್ದುಗೆ ಗಡಗಡ’. ಅದರಲ್ಲೊಂದು ಹಾಡಿನಲ್ಲಿ ಡ್ರೈವರುಗಳ ಸತ್ಯ ಅಕ್ಕನ ದನಿಯಲ್ಲೇ ಇರಬೇಕು, ಊರು ಬೆಚ್ಚಿಬೀಳಬೇಕು ಎಂದ. ಕೆಲಸ ಹೋದರೂ ಹೋಗಲಿ ಎಂದು ಅವಳು ಆ ಮೊಟ್ಟೆಗೂಡಿನಲ್ಲಿ ಕೂತು ನಾಲ್ಕು ಮಾತು ಹೇಳಿ ಬಂದಳು.

ಆಲ್ಬಂ ಹೊರಬಂತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಫೋನ್ ಇಟ್ಟುಕೊಂಡು ಕೇಳಿದರು. ಧಡಧಡ, ಗುಂಯ್, ಮತ್ತೆ ಧಡಧಡ.

“ಇದ್ರಲ್ಲಿ ನೀನೆಲ್ಲಿದೀಯೇ?” ಎಂದ ಗಂಡ.

“ಆ ಗುಂಯ್ ಅಂತಿದೆಯಲ್ಲ, ಅದೇ ನಾನು.”

“ಪಕ್ಕದ್ಮನೆ ಪಂಪು ಅಂದ್ಕೊಂಡಿದ್ದೆ.”

ಆದದ್ದಿಷ್ಟು. ತಮ್ಮ ವಾರಗಟ್ಟಲೆ ಅದನ್ನೇ ಕೇಳಿ ಕೇಳಿ ಒಂದೊಂದು ಅಕ್ಷರವೂ ಅವನಿಗೆ ಬಾಯಿಪಾಠವಾಗಿತ್ತು. ಡ್ರಮ್ಮಿನ ಸದ್ದು ಎಷ್ಟು ಏರಿಸಿದರೂ ಮಾತು ಅವನೊಬ್ಬನ ಕಿವಿಗೆ ಸ್ಪಷ್ಟವಾಗಿಯೇ ಇತ್ತು. ಬೇರೆಯವರಿಗೆ ಹಾಕಿ ಕೇಳಿಸೋಣ ಎಂದರೆ, ಮೊದಲೇ ಹೊರಬಿದ್ದರೆ ಕ್ರಾಂತಿ ಹಾಳಾಗುತ್ತದಂತೆ. ಅವಳು ಜಗಳಕ್ಕೆ ಹೋದಾಗ ಅವನು ನಿಧಾನವಾಗಿ ತಿಳಿಹೇಳಿದ: “ದನಿ ಅನ್ನೋದು ಒಂದು ವಾದ್ಯ ಅಕ್ಕಾ.”

“ವಾದ್ಯಕ್ಕೆ ಕೆಲ್ಸ ಹೋಗಲ್ಲ ಕಣೋ. ನಂಗೆ ಹೋಗತ್ತೆ.”

ಅವಳ ಕೆಲಸವೇನೂ ಹೋಗಲಿಲ್ಲ. ಪೊಲೀಸರು ಬರುತ್ತಾರೆಂದು ಟೂತ್ ಬ್ರಷ್ ಸಮೇತ ಚಿಕ್ಕಮ್ಮನ ಮನೆಯಲ್ಲಿ ಅಡಗಿದ ತಮ್ಮನನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ. ಚಿಕ್ಕಮ್ಮನೇ ಬೇಸತ್ತು ಓಡಿಸಿದಳು. ಇದನ್ನೂ ಮೀರಿದ್ದೆಂದರೆ, ಮಂತ್ರಿಯ ಪಕ್ಷದ ಹುಡುಗರಿಗೆ ಆ ಧಡಧಡ ಭಾರಿ ಹಿಡಿಸಿತು. ಅವರ ಮೆರವಣಿಗೆಯಲ್ಲೆಲ್ಲ ಅದೇ. ತಮ್ಮನೋ, ಶತ್ರುವಿನ ಪಾಳಯವನ್ನೇ ಹೊಕ್ಕಿದ್ದೇನೆ ಎಂದು ಮೀಸೆ ತಿರುವಿದ.

ನಿಲ್ದಾಣದ ಹೊಸ ಪ್ಲಾಟ್‌ಫಾರಂ ಉದ್ಘಾಟನೆಗೆ ಮಂತ್ರಿ ಬರುವ ದಿನ ಬೆಳಗಿನಿಂದಲೇ ‘ಗದ್ದುಗೆ ಗಡಗಡ’ ಶುರುವಾಯಿತು. ಪಕ್ಷದ ಹುಡುಗರು ಶಾಲು ಬೀಸಿ ಕುಣಿಯುತ್ತಿದ್ದರು. ಗಾಜಿನ ಗೂಡಿನಲ್ಲಿ ಕೂತ ಮೈಕಕ್ಕನಿಗೆ ತನ್ನದೇ ಗುಂಯ್ ಕೇಳಿಸುತ್ತಿತ್ತು. ತನ್ನ ಗಂಡನ ಮಾನದ ಮೇಲೆ ಹೆಜ್ಜೆ ಹಾಕುತ್ತಿದ್ದಾರೆ ಎನಿಸಿತು. ಮಂತ್ರಿಗಳಿಗೆ ಸ್ವಾಗತ ಹೇಳುವಂತೆ ಮ್ಯಾನೇಜರ್ ಅವಳ ಕಿವಿಯಲ್ಲಿ ಹೇಳಿಹೋದ. ಕಾರು ಬಂದು ನಿಂತಿತು.

ಪ್ರಕಟಣೆಗೆ ಮೊದಲು ಗಂಟೆ ಒತ್ತಬೇಕು, ಗಂಟೆ ಕೇಳಿದೊಡನೆ ಹಾಡು ನಿಲ್ಲಿಸಬೇಕು. ನಿಲ್ದಾಣದ ರೂಢಿ ಅದು. ಅವಳು ಗಂಟೆ ಒತ್ತಿದಳು. ಹಾಡು ನಿಂತಿತು. ಸ್ವಾಗತ ಬಂತೆಂದು ಮಂತ್ರಿ ಮುಂಚಿತವಾಗಿಯೇ ಕೈಮುಗಿದು ಹಲ್ಲು ಬಿಟ್ಟ.

“ಪ್ರಯಾಣಿಕರ ಗಮನಕ್ಕೆ. ಬ್ರೇಕ್ ಸರಿಯಿಲ್ಲದ ಬಸ್ಸು ಓಡಿಸುವುದಿಲ್ಲ ಎಂದ ಡ್ರೈವರುಗಳನ್ನು ಕುಡುಕರೆಂದು ಹೇಳಿ ತೆಗೆದುಹಾಕಲಾಗಿದೆ. ಅವರು ಕುಡಿದಿರಲಿಲ್ಲ. ಅದೇ ಬಸ್ಸುಗಳು ಈಗ ನಿಮ್ಮ ಮುಂದೆ ನಿಂತಿವೆ.”

ಮಂತ್ರಿಯ ಮುಗಿದ ಕೈ ಮುಗಿದ ಹಾಗೆಯೇ ಇತ್ತು. ಬಸ್ಸಿನ ಮೆಟ್ಟಿಲ ಮೇಲೊಂದು ಕಾಲಿಟ್ಟಿದ್ದ ಹೆಂಗಸು ಕಾಲು ಹಿಂದಕ್ಕೆ ತೆಗೆದಳು. ಅವಳ ಹಿಂದಿದ್ದವನು ಡ್ರೈವರನನ್ನು, ಬ್ರೇಕ್ ಇದೆಯೇನಪ್ಪಾ ಎಂದು ಕೇಳಿದ. ಡ್ರೈವರ್ ಕಿಟಕಿಯಾಚೆ ನೋಡಿದ. ಅಷ್ಟೇ ಸಾಕಾಯಿತು, ಒಬ್ಬೊಬ್ಬರಾಗಿ ಇಳಿಯತೊಡಗಿದರು. ಮ್ಯಾನೇಜರ್ ಓಡಿಬಂದು ವೈರು ಕಿತ್ತು, ಹೊರಗೆ ಹೋಗು ಎಂದು ಬಾಗಿಲು ತೋರಿಸಿದ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಗಂಡ ಹೊಸಿಲಾಚೆ, ಬೀದಿಯಲ್ಲಿ ನಿಂತಿದ್ದ. ಎದುರುಮನೆಯವನು ಅವನೊಡನೆ ಮಾತಿಗಾಗಿ ತಡಕಾಡುತ್ತಿದ್ದ. ಅಷ್ಟರಲ್ಲಿ ತಮ್ಮ ಏದುಸಿರು ಬಿಡುತ್ತ ಬಂದ.

“ಮೊದ್ಲೇ ಒಂದ್ಮಾತು ಹೇಳ್ಬಾರ್ದಿತ್ತಾ ಅಕ್ಕಾ? ರೆಕಾರ್ಡ್ ಮಾಡ್ಕೋತಿದ್ದೆ. ಮುಂದಿನ ಆಲ್ಬಂಗೆ ಆಗ್ತಿತ್ತು.”

ಅಕ್ಕ ಅವನನ್ನು ದಾಟಿ ಗಂಡನ ಹತ್ತಿರ ಹೋದಳು. ಗಂಡ ಅಂಗಿಯ ತೋಳು ಇಳಿಸಿಕೊಂಡು, ಬೀದಿಯ ಕೊನೆಯವರೆಗೆ ಹೀಗೇ ನಡೆದು ಬರೋಣ ಬಾ ಎಂದ. ಹೊರಡುವಾಗ ತಿರುಗಿ ಭಾವಮೈದುನನಿಗೆ ಹೇಳಿದ: “ಒಲೆ ಮೇಲೆ ಹಾಲಿದೆ, ಉಕ್ಕದ ಹಾಗೆ ನೋಡ್ಕೊಳ್ಳಪ್ಪ.”

ಕ್ರಾಂತಿಕಾರಿ ಒಳಗೆ ಹೋಗಿ ಹಾಲಿನ ಮುಂದೆ ನಿಂತ.