ಬೇಳೆಯಂಗಡಿಯ ನೌಕಾಪಡೆ
ಭಾಲ್ಕಿಯ ಬೇಳೆ ವ್ಯಾಪಾರಿ ಮನ್ಮಥಪ್ಪ ಮಾಂಜ್ರಾ ಹೊಳೆಗಿಂತ ದೊಡ್ಡ ನೀರನ್ನು ಕಂಡವನಲ್ಲ. ಆದರೂ ಇಂಗ್ಲಿಷರಿಗೂ ಜರ್ಮನರಿಗೂ ಲಡಾಯಿ ಹತ್ತಿದಂದಿನಿಂದ ಎರಡೂ ನೌಕಾಪಡೆಗಳು ಅವನ ಅಂಗಡಿಯಲ್ಲೇ ಲಂಗರು ಹಾಕಿದ್ದವು. ಹೈದರಾಬಾದಿನಿಂದ ಉರ್ದು ಪತ್ರಿಕೆ ಬಂತೆಂದರೆ ಗೋಣಿತಾಟಿನ ಮೇಲೆ ಶೇಂಗಾಕಾಳಿನ ಇಂಗ್ಲಿಷ್ ಹಡಗುಗಳೂ ಪುಟಾಣಿಯ ಜರ್ಮನ್ ಹಡಗುಗಳೂ ಎದುರುಬದುರು ನಿಲ್ಲುತ್ತಿದ್ದವು. "ನಮ್ಮವು ಇಪ್ಪತ್ತೆಂಟು, ಅವರವು ಹದಿನಾರ! ಒಂದೊಂದು ತೋಪಿನ ಬಾಯಾಗ ಎಮ್ಮಿಕರ ಮಲಗಬೇಕ್ರಿ!" ಎಂದು ಅವನು ಕೂಗಿದರೆ ಪೇಟೆಯ ತುದಿಗೂ ಕೇಳುತ್ತಿತ್ತು. ಗಿರಾಕಿಗಳು ಚೀಲ ಹಿಡಿದು ಕಾಯುತ್ತಿದ್ದರು. "ಸಮುದ್ರ ಆಮ್ಯಾಲ ಗೆಲ್ರಿ, ಮೊದಲ ಬ್ಯಾಳಿ ತೂಗ್ರಿ" ಎಂದು ಹೆಂಡತಿ ಗುಂಡಮ್ಮ ಒಳಗಿನಿಂದ ಗದರಿಸಿದರೆ, "ತಡಿಯ, ಜರ್ಮನ್ ಓಡ್ಲಿಕ್ಕ ಹತ್ಯಾನ!" ಎನ್ನುತ್ತಿದ್ದ. ಯಾವ ಕಡೆಯದೇ ಆಗಲಿ, ಮುಳುಗಿತೆಂದು ಪತ್ರಿಕೆ ಹೇಳಿದ ಹಡಗನ್ನು ಬಾಯಿಗೆ ಎಸೆದುಕೊಂಡು ಕಟಕಟ ಅಗಿಯುವುದು ಅವನ ಪದ್ಧತಿ. ದೊಡ್ಡ ಕಾಳಗದ ಸುದ್ದಿ ಬಂದ ದಿನವಂತೂ ಅವನಿಗೆ ಮಧ್ಯಾಹ್ನದ ಊಟವೇ ಬೇಡವಾಯಿತು. ಆಗ ಬೇಳೆಗೆ ಬಂದಿದ್ದ ಚಿಂತಾಕಿಯ ಕೌಸಲ್ಯಾಬಾಯಿ ಮೆಲ್ಲಗೆ ಕೇಳಿದಳು: "ಸಾವ್ಕಾರ್ರ, ನಮ್ಮ ತಮ್ಮ ಮುಂಬೈದಾಗ ಹಡಗ ಹತ್ಯಾನ್ರಿ, ತಳದಾಗ ಕಲ್ಲಿದ್ದಲಿ ಹಾಕ್ತಾನಂತ. ಹಡಗ ಮುಳುಗಿದ್ರ ತಳದಾಗಿನವರು ಮ್ಯಾಲ ಬರ್ತಾರೇನ್ರಿ?" ಮನ್ಮಥಪ್ಪನ ದವಡೆ ನಿಂತಿತು. ಇಷ್ಟು ದಿನ ತೋಪುಗಳನ್ನು ಎಣಿಸಿದ್ದ, ಮಂದಿಯನ್ನು ಎಣಿಸಿರಲಿಲ್ಲ. "ಬರ್ತಾರ ತಂಗಿ, ಒಳಗ ನಿಚ್ಚಣಿಕಿ ಇರ್ತಾವ" ಎಂದ, ಏನೂ ಗೊತ್ತಿಲ್ಲದೆ. ಅವಳು ಬೇಳೆ ಕಟ್ಟಿಕೊಂಡು ಹೋದ ಮೇಲೆ ಡಬ್ಬಿಯಿಂದ ಹೊಸ ಕಾಳು ತೆಗೆದು ಖಾಲಿಯಾದ ಜಾಗಗಳನ್ನೆಲ್ಲ ತುಂಬಿದ. ಪತ್ರಿಕೆ ಏನೇ ಬರೆಯಲಿ, ಅಂದಿನಿಂದ ಆ ಅಂಗಡಿಯಲ್ಲಿ ಯಾರ ಹಡಗೂ ಮುಳುಗಲಿಲ್ಲ.