ಕುಸುಬಿ ಎಣ್ಣೆ ಕುಡಿದ ಮಷೀನು

ಮರ ಕಡಿಯುವ ಮಷೀನು ಕೊಳ್ಳಲು ಹೋದ ದಿನ ನಾನೂ ಅಣ್ಣನೂ ಬಾಗಲಕೋಟೆಯ ಅಂಗಡಿಯೊಳಗೇ ಜಗಳಾಡಿದ್ದೆವು. ಅಣ್ಣನಿಗೆ ದೊಡ್ಡದೇ ಬೇಕು. ಗೋಡೆಗೆ ತೂಗುಹಾಕಿದ್ದವುಗಳಲ್ಲಿ ಚೈನು ಸುತ್ತುವ ಪಟ್ಟಿ ಎಲ್ಲಕ್ಕಿಂತ ಉದ್ದವಿದ್ದುದನ್ನು ಇಳಿಸಿಕೊಂಡು, ಕನ್ಯೆ ನೋಡಲು ಬಂದವನಂತೆ ಹಿಂದೆ ಮುಂದೆ ನೋಡುತ್ತಿದ್ದ. ಹೊಲ ನೋಡಿಕೊಳ್ಳುವವನು ಅವನು. ನಾನು ಇಳಕಲ್ಲಿನಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವನು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಉಗುರಿನ್ಯಾಗ ಹೋಗೂದಕ್ಕ ಕೊಡ್ಲಿ ಯಾಕ? ವರ್ಷಕ್ಕ ಎರಡು ಸರ್ತಿ ಜಾಲಿ ಕಡ್ಯಾಕ ಇಷ್ಟುದ್ದದ್ದು ಬೇಕೇನು?" ಎಂದೆ.

"ನೀ ಸುಮ್ಮನ ನಿಂದರು. ಯಾವಾಗರ ಜಾಲಿ ಕಡದೀಯೇನು?" ಎಂದ ಅಣ್ಣ.

ಅಂಗಡಿಯವನು ನಡುವೆ ಬಂದ. "ಯಜಮಾನ್ರ, ಅದು ದಿನಾ ಕಡಿಯವರಿಗೆ. ವಜ್ಜ ಭಾಳ. ಕೈ ಸೋತ ಮ್ಯಾಲ ಮಷೀನು ನಮ್ಮ ಮಾತು ಕೇಳಂಗಿಲ್ಲ." ಕರೆಂಟಿನದು ತೋರಿಸಿದ, ಹೊಲಕ್ಕೆ ವೈರು ಎಲ್ಲಿಂದ ಎಳೆಯುವುದು? ಬ್ಯಾಟರಿಯದು ಹಗುರವಾಗಿತ್ತು, ಒಣಗಿದ ಜಾಲಿಯ ಬೊಡ್ಡೆಗೆ ಸಾಲದು ಎಂದು ಅವನೇ ಹೇಳಿದ. ಕಡೆಗೆ ಒಂದು ನಡುವಿನ ಅಳತೆಯ ಪೆಟ್ರೋಲ್ ಮಷೀನು ತೆಗೆದುಕೊಂಡೆವು. ಹೇಗೆ ಇಟ್ಟುಕೊಳ್ಳಬೇಕು, ಯಾವುದಕ್ಕೆ ಯಾವ ಎಣ್ಣೆ ಹಾಕಬೇಕು ಎಂದು ಅವನು ಅರ್ಧ ತಾಸು ಹೇಳಿದ. ಇಬ್ಬರೂ ತಲೆಯಾಡಿಸಿದೆವು. ಕೇಳಿಸಿಕೊಂಡವನು ಅಣ್ಣ ಒಬ್ಬನೇ.

ನಮ್ಮ ಹೊಲ ಮರೋಳದ ಕಡೆ. ವರ್ಷಗಟ್ಟಲೆ ಬಿತ್ತದೆ ಬಿಟ್ಟಿದ್ದಕ್ಕೆ ಹೊಲದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಆಚೀಚೆಯ ಹೊಲಗಳಿಗೆ ನೀರಿನ ಪೈಪು ಬಂದ ಮೇಲೆ ಅಣ್ಣನಿಗೆ ನಿದ್ದೆ ಬರಲಿಲ್ಲ. ಸುಗ್ಗಿ ಮುಗಿದ ಮೇಲೊಮ್ಮೆ, ಮಳೆ ನಿಂತ ಮೇಲೊಮ್ಮೆ, ಹೀಗೆ ತುಂಡು ತುಂಡಾಗಿ ಕಡಿಯುತ್ತಾ ಬಂದ. ಕಡಿದ ದಿನ ಸಂಜೆ ಅವನ ಮನೆಗೆ ಹೋದರೆ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಮಷೀನಿನ ಚಾಕರಿ ಮಾಡುತ್ತಿರುತ್ತಿದ್ದ. ಪೆಟ್ರೋಲು ಹೊರಗೆ ಸುರುವಿ, ಒಳಗೆ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ನಡೆಸುವುದು. ಪಟ್ಟಿ ಬಿಚ್ಚಿ ಅದರ ಅಂಚಿನ ಸೀಳಿನಲ್ಲಿ ತುಂಬಿದ ಮರದ ಹೊಟ್ಟನ್ನು ಕಡ್ಡಿಯಿಂದ ಕೆರೆಯುವುದು. ಚೈನಿನ ಒಂದೊಂದು ಹಲ್ಲಿಗೂ ಅರದಿಂದ ಮೂರು ಸಲ, ಒಂದೇ ಕಡೆಗೆ. ಬಿಸಿ ಆರಿದರೆ ತಾನೇ ಬಿಗಿಯುತ್ತದೆಂದು ಎತ್ತಿಡುವ ಮುಂಚೆ ಚೈನು ಸ್ವಲ್ಪ ಸಡಿಲು ಮಾಡುವುದು. ಮಗ್ಗದ ಹಾಸಿನ ಎಳೆ ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂದು ಬೆಳೆದ ನೇಕಾರ ನಾನು. ಆ ಸಡಿಲು ನೋಡಿದರೆ ಕೈ ಕಡಿಯುತ್ತಿತ್ತು.

"ದಿನಾ ದುಡಿಯೋ ಎತ್ತಿಗಿಂತ ಕಟ್ಟಿ ಹಾಕಿದ ಎತ್ತಿಂದs ಚಾಕರಿ ಭಾಳ ತಮ್ಮಾ" ಎನ್ನುತ್ತಿದ್ದ ಅಣ್ಣ.

ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮ ಹಿತ್ತಲ ಬೇವಿನ ಕೊಂಬೆಯೊಂದು ಮಗ್ಗದ ಕೋಣೆಯ ತಗಡಿನ ಮೇಲೆ ವಾಲಿತು. ಎರಡು ಓಣಿ ಆಚೆ ಅಣ್ಣನ ಮನೆ. ಹೋಗಿ ಮಷೀನು ತಂದೆ. ಅರ್ಧ ಕಡಿಯುವಷ್ಟರಲ್ಲಿ ಚೈನಿಗೆ ಹನಿಯುವ ಎಣ್ಣೆ ತೀರಿತು. ಅದರ ಡಬ್ಬಿ ಅಣ್ಣನ ಮನೆಯಲ್ಲಿತ್ತು. ಬಿಸಿಲಲ್ಲಿ ಮತ್ತೆ ಎರಡು ಓಣಿ ಯಾರು ನಡೆಯಬೇಕು? ಅಡುಗೆಮನೆಗೆ ಹೋಗಿ ಕುಸುಬಿ ಎಣ್ಣೆ ತಂದು ಸುರುವಿದೆ. ನಮ್ಮಲ್ಲಿ ಕುಸುಬಿ ಎಣ್ಣೆ ಬೀಳದ ವಸ್ತುವಾದರೂ ಯಾವುದಿದೆ? ರೊಟ್ಟಿ ಜೊತೆಗಿನ ಚಟ್ನಿಪುಡಿಗೆ ಅದು, ಕಿರುಗುಟ್ಟುವ ಬಾಗಿಲಿಗೆ ಅದು, ಮಗ್ಗದ ತುಳಿಹಲಗೆ ಸಪ್ಪಳ ಮಾಡಿದರೆ ಅದೇ ನಾಲ್ಕು ಹನಿ. ಚೈನು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ನನ್ನ ಶಾಣ್ಯಾತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಸಂಜೆ ಮೇಲೆ ಮೇಲೆ ಒರೆಸಿ ಒಯ್ದು ಕೊಟ್ಟೆ.

"ಎಲ್ಲಾ ನೆಟ್ಟಗ ಐತಿಲ್ಲೊ?" ಎಂದ ಅಣ್ಣ.

"ಐತಿ ಬಿಡೋ ಮಾರಾಯಾ" ಎಂದೆ.

ಆಮೇಲೆ ಐದು ತಿಂಗಳು ಯಾರೂ ಅದನ್ನು ಮುಟ್ಟಲಿಲ್ಲ. ಮಳೆ ನಿಂತ ಮೇಲೆ ಒಂದು ಮುಂಜಾನೆ ಅಣ್ಣ ಹೊರಗೆ ತೆಗೆದರೆ ಮಷೀನು ನಡೆಯಲಿಲ್ಲ. ಕೊಡಲಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಹೊಲದವರು ಫೋನು ಮಾಡಿದರು. ಕೊಡಲಿ ಬೊಡ್ಡೆಯಲ್ಲೇ ಸಿಕ್ಕಿಕೊಂಡಿತ್ತು, ಅಣ್ಣ ಅದರ ಪಕ್ಕದಲ್ಲಿ ಬಿದ್ದಿದ್ದ. ದವಾಖಾನೆಯಲ್ಲಿ, ಎದೆಬಡಿತ ನಿಂತು ಬಹಳ ಹೊತ್ತಾಗಿದೆ ಎಂದರು. ಅವನಿಗೆ ಅರವತ್ತೊಂದು.

ನನಗೆ ಏನೂ ಆಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖರೆ ಅದೇ. ಮಣ್ಣು ಹಾಕುವಾಗ ಮಗ್ಗದ ಮೇಲೆ ಅರ್ಧಕ್ಕೆ ಬಿಟ್ಟು ಬಂದ ಸೆರಗಿನ ನೆನಪಾಗುತ್ತಿತ್ತು. ಹೆಂಗಸರು ಅಳುವಾಗ ನಾನು ಕುರ್ಚಿ ಸಾಲುತ್ತವೋ ಇಲ್ಲವೋ ಎಂದು ನೋಡುತ್ತಿದ್ದೆ. ಬಂದವರು "ಗಟ್ಟಿ ಮನಷ್ಯಾ ಅದಾನ" ಎಂದರು. ಗಟ್ಟಿ ಅಲ್ಲ, ಒಳಗೆ ಯಾರೂ ಇರಲಿಲ್ಲ ಅಷ್ಟೇ. ಮಷೀನು ಕೆಟ್ಟದ್ದಕ್ಕೆ ಕೊಡಲಿ ಒಯ್ದಿದ್ದ ಎಂದು ಅಂದೇ ಯಾರೋ ಹೇಳಿದರು. ಅದೂ ಕಿವಿಯ ಪಕ್ಕದಿಂದ ಹೋಯಿತು.

ಏಳು ತಿಂಗಳಾದ ಮೇಲೆ ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನನ್ನು ಕರೆಸಿದರು. ಅವರು ಆ ಮನೆಗೆ ಬಂದಾಗ ನಾನು ಚಡ್ಡಿ ಹಾಕುವ ಹುಡುಗ. ಅವ್ವ ಹೋದ ಮೇಲೆ ನನ್ನನ್ನು ಬೈಯುವ ಹಕ್ಕಿದ್ದವರು ಅಣ್ಣ ಮತ್ತು ವೈನಿ ಇಬ್ಬರೇ.

"ತಮ್ಮಾ, ಆ ಮಷೀನು ರಿಪೇರಿ ಮಾಡಿಸ್ಕೊಂಡು ಬಾ. ಉಳದಿದ್ದ ಜಾಲಿ ಕಡದು ಮುಗಸೂಣು. ಮುಂದ ಹೊಲ ನಾನs ಮಾಡಸ್ತೇನಿ. ಬಿತ್ತದs ಪಡಾ ಬಿಡಬಾರ್ದು ಅಂತ ಅವ್ರು ಬಡಕೋತಿದ್ರು" ಎಂದರು.

ಹುನಗುಂದದಲ್ಲಿ ಔಷಧ ಹೊಡೆಯುವ ಪಂಪು, ಇಂಥ ಮಷೀನು ಎಲ್ಲ ರಿಪೇರಿ ಮಾಡುವ ಒಬ್ಬ ಸಾಬರಿದ್ದಾರೆ, ವಯಸ್ಸಾದವರು. ಮಷೀನನ್ನು ಮಡಿಲ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅವರು ಚೈನು ಜಗ್ಗಿದರು, ಬರಲಿಲ್ಲ. ಮೇಲಿನ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಬೆಲ್ಲದ ಪಾಕ ಒಣಗಿದಂತೆ ಹಳದಿ ಅಂಟು. ಉಗುರಿನಿಂದ ಕೆರೆದು ಮೂಸಿದರು.

"ಇದು ಕುಸುಬಿ ಎಣ್ಣಿ. ಯಾವ ಶಾಣ್ಯಾ ಹಾಕ್ಯಾನ್ರಿ ಇದಕ್ಕ?"

"ನಾನs" ಎಂದೆ.

ಸಾಬರು ಒಂದು ಸಲ ನನ್ನ ಮುಖ ನೋಡಿ ದನಿ ಇಳಿಸಿದರು. "ಕುಸುಬಿ ಒಣಗಿದ್ರ ವಾರ್ನಿಶ್ ಆಕ್ಕೈತ್ರಿ. ದಿನಾ ನಡಸವರು ಹಾಕಿದ್ರ ಹೆಂಗರ ನಡದೀತು. ವರ್ಷಕ್ಕ ಎರಡು ಸರ್ತಿ ತಗಿಯವರು ಮಾತ್ರ ಹಾಕಬಾರ್ದು. ಕುಂತಲ್ಲೇ ಹಿಡಕೊಂತದ."

ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಅವರು ಒಳಗಿನದನ್ನು ಕೆರೆಯತೊಡಗಿದರು. ನಾನು ಎದುರಿನ ಸ್ಟೂಲಿನ ಮೇಲೆ ಕೂತು ಲೆಕ್ಕ ಜೋಡಿಸಿದೆ. ನನ್ನ ಎಣ್ಣೆಯಿಂದ ಚೈನು ಹಿಡಿಯಿತು, ಚೈನು ಹಿಡಿದದ್ದಕ್ಕೆ ಕೊಡಲಿ, ಕೊಡಲಿಯಿಂದ ಅಣ್ಣ. ಎರಡು ಓಣಿ ನಡೆಯುವ ಆಲಸ್ಯಕ್ಕೆ ಅಣ್ಣನನ್ನು ಕೊಂದೆನೇ? ಹಾಗೆ ಕೇಳಿಕೊಂಡರೂ ಎದೆಯಲ್ಲಿ ಏನೂ ಅಲುಗಲಿಲ್ಲ. ಸಾಬರು ಚಹಾ ತರಿಸಿದರು, ಕುಡಿದೆ. ಸಕ್ಕರೆ ಹೆಚ್ಚಾಗಿತ್ತು ಎಂಬುದು ಈಗಲೂ ನೆನಪಿದೆ.

ಹನ್ನೊಂದು ದಿನ ಹೊಲಕ್ಕೆ ಹೋದೆ. ಅಣ್ಣ ಹೇಳಿದ ಚಾಕರಿ ಒಂದೂ ತಪ್ಪಿಸಲಿಲ್ಲ. ಸಂಜೆ ಮನೆಗೆ ಬಂದು ಮಗ್ಗಕ್ಕೆ ಕೂತರೆ, ಮಷೀನಿನ ನಡುಕಕ್ಕೆ ಬೆರಳಿಗೆ ಜೋಮು ಹಿಡಿದು ಎಳೆ ತಾಗಿದ್ದೇ ತಿಳಿಯುತ್ತಿರಲಿಲ್ಲ. ನನಗೆ ಅದು ಹೊಸದೆನಿಸಲಿಲ್ಲ. ಮೈಯೆಲ್ಲ ಹಾಗೇ ಇತ್ತು. ಕಷ್ಟವಾದದ್ದು ಬುತ್ತಿ. ಪ್ರತಿ ಮುಂಜಾನೆ ವೈನಿ ರೊಟ್ಟಿಯ ಮೇಲೆ ಅಗಸಿ ಚಟ್ನಿ ಹಾಕಿ, ಮೇಲೆ ಕುಸುಬಿ ಎಣ್ಣೆ ಬಿಟ್ಟು ಕಟ್ಟಿ ಕೊಡುತ್ತಿದ್ದರು. ಹೊಲದಲ್ಲಿ ಬಿಚ್ಚಿದರೆ ಅದೇ ವಾಸನೆ. ಇವರ ಕೈಯ ಅನ್ನ ತಿಂದು ಇವರಿಂದಲೇ ಮುಚ್ಚಿಡುತ್ತಿದ್ದೇನಲ್ಲ ಎನಿಸುತ್ತಿತ್ತು. ಹೇಳಿದರೆ ಆ ಮನೆಯ ಬಾಗಿಲು ನನಗೆ ಮುಚ್ಚಬಹುದು. ಹೇಳದಿದ್ದರೆ ಅಲ್ಲಿ ಯಾವ ಮುಖ ಹೊತ್ತು ಕೂರಲಿ? ಕೊನೆಯ ದಿನ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡೆ.

ಆ ಸಂಜೆ ಮಷೀನು ತೊಳೆದು ಒರೆಸಿ ಅವರ ಮನೆಗೆ ಒಯ್ದೆ. ವೈನಿ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ವೈನಿ, ಮಷೀನು ಕೆಟ್ಟಿದ್ದು ನನ್ನಿಂದ. ಬೇವಿನ ಟೊಂಗಿ ಕಡಿಯಾಗ ನಾ ಕುಸುಬಿ ಎಣ್ಣಿ ಹಾಕಿದ್ದೆ. ಅದು ನಡದಿದ್ರ ಅಣ್ಣ ಕೊಡ್ಲಿ ಹಿಡೀತಿದ್ದಿಲ್ಲ."

ವೈನಿ ಹರಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ" ಎಂದರು.

"ಯಾರು ಹೇಳಿದ್ರು?"

"ಅವ್ರs. ಅವತ್ತು ಮುಂಜಾನಿ ಮುಚ್ಚಳ ತಗದು ಮೂಸಿ ನೋಡಿ ನಕ್ಕರು. ನನ್ನ ತಮ್ಮ ಮಷೀನಿಗೆ ಒಗ್ಗರಣಿ ಹಾಕ್ಯಾನ ನೋಡು ಅಂದ್ರು. ಇವತ್ತು ಬ್ಯಾಡ, ನಾಳೆ ತೊಳಿಸ್ಕೊಂಡು ಬಂದು ಹೋಗ್ರಿ ಅಂತ ನಾ ಹೇಳಿದೆ. ಕೇಳಲಿಲ್ಲ."

"ನನಗ್ಯಾಕ ಹೇಳಲಿಲ್ಲ ನೀವು?"

"ಹೇಳಬ್ಯಾಡ ಅಂದಿದ್ರು. ಗೊತ್ತಾದ್ರ ನಾಚ್ಕೊಂಡು ಇನ್ನೊಮ್ಮೆ ಮಷೀನು ಕೇಳಾಕ ಬರಂಗಿಲ್ಲ ಅಂವ, ಅಂದ್ರು."

ನನ್ನ ಕೈಯಲ್ಲಿ ಮಷೀನು ಹಾಗೇ ಇತ್ತು. "ಮತ್ತೇನಂದ?" ಎಂದೆ.

"ಮತ್ತೇನಿಲ್ಲ. ರೊಟ್ಟಿ ಕಟ್ಟು ಅಂದ್ರು. ಕಟ್ಟಿ ಕೊಟ್ಟೆ."

ಅಷ್ಟು ತಿಂಗಳು ಬರದ ಅಳು ಆಗ ಬಂತು. ಕಟ್ಟೆಯ ಮೇಲೆ ಕೂತು, ಓಣಿಯ ಮಂದಿ ನೋಡುತ್ತಿದ್ದಂತೆ ಅತ್ತೆ. ವೈನಿ ಮೊರ ಬದಿಗಿಟ್ಟು, ನನಗೆ ನೀರು ತರುತ್ತೇನೆಂದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.