ಉಡಿ ತುಂಬದ ಕೌದಿ

ಮೊನ್ನೆ ಒಂದು ಕೌದಿ ಇಡಲು ಟ್ರಂಕಿನಲ್ಲಿ ಜಾಗ ಮಾಡುತ್ತಿದ್ದಾಗ ತಳದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕೆಂಪು ಅರಿವೆಯ ಚೂರು, ನಿಂಬೆಹಣ್ಣಿನ ಗಾತ್ರ. ಮೂಗಿನ ಹತ್ತಿರ ಹಿಡಿದೆ. ನುಸಿ ಹತ್ತಿದ ಜೋಳದ ವಾಸನೆ, ಅದರೊಳಗೆ ಒಣಗಿದ ಬೇವಿನೆಲೆಯ ಸಣ್ಣ ಕಹಿ. ಅಲ್ಲೇ ನೆಲದ ಮೇಲೆ ಕುಳಿತೆ. ಆ ಗಂಟು ಕಟ್ಟಿದ್ದು ನನ್ನ ಅಕ್ಕ. ಅದನ್ನು ಕದ್ದವಳು ನಾನು.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ರೂಢಿಯಿಲ್ಲ. ಆದರೆ ಯಾರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತೋ ಅವಳು ಈಗ ಇಲ್ಲ…

ಬಾಗಲಕೋಟೆ ಕಡೆಯಿಂದ ನಾವಿಬ್ಬರೂ ಗಂಡಂದಿರ ಹಿಂದೆ ಕಟ್ಟಡದ ಕೆಲಸಕ್ಕೆಂದು ನಾಶಿಕಕ್ಕೆ ಬಂದವರು. ಇಟ್ಟಿಗೆ ಹೊತ್ತು ಹೊತ್ತು ಅಕ್ಕನ ಮೊಣಕಾಲು ಹೋದವು. ಆಮೇಲೆ ಅವಳು ಕುಳಿತು ಕೌದಿ ಹೊಲಿಯತೊಡಗಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಕ್ಕಿಕಾಳಿನಂಥ ಹೊಲಿಗೆ ಹಾಕುತ್ತಿದ್ದಳು. ಇಲ್ಲಿಯವರು ಅದನ್ನು ಗೋಧಡಿ ಎನ್ನುತ್ತಾರೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ತವರಿನಿಂದ ಹೊರಡುವ ಮಗಳಿಗೆ ಮಡಿಲು ತುಂಬಿದ ಹಾಗೆ, ಬೇರೆ ಮನೆಗೆ ಹೋಗುವ ಕೌದಿಗೂ ಉಡಿ ತುಂಬಬೇಕು. ಒಂದು ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಬಾಯಿ ಬಿಟ್ಟು, ಒಂದು ಹಿಡಿ ಜೋಳವನ್ನು ಬೇವಿನೆಲೆಯ ಜೊತೆ ಗಂಟು ಕಟ್ಟಿ ಒಳಗಿಟ್ಟು ಹೊಲಿಯಬೇಕು. ಹೊದ್ದವರು ಹಸಿದು ಮಲಗಬಾರದು ಎಂದು. ಹೊಲಿದವಳು ತಾನೇ ಉಡಿ ತುಂಬುವಂತಿಲ್ಲ, ಮನೆಯ ಇನ್ನೊಬ್ಬ ಹೆಣ್ಣುಮಗಳು ತುಂಬಬೇಕು. ಹೀಗಾಗಿ ಗಂಟು ಕಟ್ಟುವವಳು ಅಕ್ಕ, ಒಳಗಿಡುವವಳು ನಾನು, ಬಾಯಿ ಹೊಲಿಯುವವಳು ಮತ್ತೆ ಅಕ್ಕ. ಒಮ್ಮೆ ಕಾಂಟ್ರಾಕ್ಟರನ ಹೆಂಡತಿ, ಆ ಗಂಟು ತೆಗೆದುಬಿಡು, ಇಲಿ ಬರುತ್ತವೆ ಎಂದಿದ್ದಳು. ಅಕ್ಕ ಅವಳ ಕೈಯಿಂದ ಕೌದಿಯನ್ನೇ ಕಸಿದುಕೊಂಡು ಬಂದಿದ್ದಳು. "ಮಗಳನ್ನ ಬರೇ ಉಡೀಲೆ ಯಾರರ ಕಳಸ್ತಾರೇನs?"

ಓಣಿಯ ಹೆಂಗಸರದೊಂದು ಹೊಲಿಗೆ ಮಂಡಳಿ ಇತ್ತು, ಅದನ್ನು ನಡೆಸುವ ಮರಾಠಿ ಮೇಡಂ ಒಂದು ದಿನ ಏದುಸಿರು ಬಿಡುತ್ತ ಬಂದರು. ಹೊರದೇಶದ ದೊಡ್ಡವರು ಎಲ್ಲೋರದ ಗವಿ ನೋಡಲು ಬರುತ್ತಾರಂತೆ. ಸರ್ಕಾರದ ಕಡೆಯಿಂದ ಅವರ ಮುಖ್ಯಸ್ಥೆಗೆ ಒಂದು ಗೋಧಡಿ ಕೊಡಬೇಕಂತೆ. ಆ ದೇಶಕ್ಕೂ ನಮಗೂ ಏನೋ ಮನಸ್ತಾಪವಾಗಿ ಮಾತು ನಿಂತಿತ್ತಂತೆ. ದೊಡ್ಡ ಮಾತುಗಳು ದಿಲ್ಲಿಯಲ್ಲಿ ಆಮೇಲೆ, ಮೊದಲು ಒಟ್ಟಿಗೆ ಗವಿ ನೋಡುವುದು, ಊಟ, ಉಡುಗೊರೆ. "ಆಧೀ ಮನಂ ಜುಳಲೀ ಪಾಹಿಜೇತ," ಮೊದಲು ಮನಸ್ಸು ಕೂಡಬೇಕು ಎಂದರು ಮೇಡಂ. ಇದು ಚೆನ್ನಾಗಿ ಆದರೆ ಮಂಡಳಿಗೆ ಸದಾ ಕೆಲಸ, ನೀನೂ ಸಿಮೆಂಟು ಬಿಟ್ಟು ಇಲ್ಲೇ ಕೂರಬಹುದು ಎಂದು ನನಗೆ ಹೇಳಿದರು. ನನ್ನ ಅಂಗೈ ಆಗ ಬಿರಿದು ರಕ್ತ ಬರುತ್ತಿತ್ತು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಆ ದೇಶದ್ದೇ ಒಂದು ನೀಲಿ ಹೂವಿನ ಬಟ್ಟೆ ಕಳಿಸಿದ್ದರು. ಯೇವಲಾದ ಪೈಠಣಿ ಅಂಚು, ಸಂಭಾಜಿನಗರದ ಹಿಮ್ರೂ ತುಂಡು, ನಮ್ಮವ್ವನ ಇಳಕಲ್ ಸೆರಗು, ಇವುಗಳ ಜೊತೆ ಅದನ್ನೂ ಸೇರಿಸಬೇಕಿತ್ತು. ಮೇಡಂ ಅದನ್ನು ಅಂಚಿಗೆ ಹಾಕೋಣ ಎಂದರು. ಅಕ್ಕ ನಕ್ಕಳು. "ಹೊಸಾ ಸೊಸೀನ ಮೂಲ್ಯಾಗ ಕುಂದರಸಬ್ಯಾಡ್ರಿ ಮೇಡಂ, ನಡಮನ್ಯಾಗ ಬರಲಿ." ನೀಲಿ ಬಟ್ಟೆ ನಟ್ಟನಡುವೆ ಬಂತು. ಎಂದಿನಂತೆ ಅವಳು ಗಂಟು ಕಟ್ಟಿದಳು, ನಾನು ಇಟ್ಟೆ, ಅವಳು ಹೊಲಿದಳು.

ಕಾರ್ಯಕ್ರಮದ ಹಿಂದಿನ ದಿನ ಬಸ್ಸಿನಲ್ಲಿ ಎಲ್ಲೋರದ ಹತ್ತಿರದ ಸಂಭಾಜಿನಗರಕ್ಕೆ ಹೋದೆವು. ನಮ್ಮನ್ನು ಇಳಿಸಿದ ಕೋಣೆಗೆ ಒಬ್ಬ ಅಧಿಕಾರಿ ಬಂದ. ಕೌದಿಯನ್ನು ಹಿಚುಕಿ ನೋಡಲಿಲ್ಲ, ಬರೀ ಹಿಂದಿಯಲ್ಲಿ ಕೇಳಿದ. ಇದರೊಳಗೆ ಬಟ್ಟೆ ಬಿಟ್ಟು ಬೇರೇನೂ ಇಲ್ಲ ತಾನೆ? ಕಾಳು, ಬೀಜ ಇದ್ದರೆ ಆ ದೇಶದವರು ಒಳಗೆ ಬಿಡುವುದಿಲ್ಲ. ನಾಳೆ ಮುಂಜಾನೆ ಮಷೀನಿನಲ್ಲಿ ಹಾಯಿಸುತ್ತೇವೆ. ಏನಾದರೂ ಕಂಡರೆ ಗೋಧಡಿಯೇ ಬೇಡ, ಶಾಲು ಕೊಟ್ಟು ಕಳಿಸುತ್ತೇವೆ.

ಅಕ್ಕನಿಗೆ ಹಿಂದಿ ಬಾರದು. ನನ್ನ ಮೊಣಕೈ ತಿವಿದಳು. "ಏನಂತಾನ?"

"ಕೌದಿ ಚಂದ ಆಗೇತಂತ," ಎಂದೆ. ಅವನ ಕಡೆ ತಿರುಗಿ, "ಕುಛ್ ನಹೀ ಸಾಬ್, ಸಿರ್ಫ್ ಕಪಡಾ," ಎಂದೆ.

ಎರಡು ಸುಳ್ಳು ಒಂದೇ ಉಸಿರಿನಲ್ಲಿ. ನಿಜ ಹೇಳಿದರೆ ಅಕ್ಕ ಕೌದಿಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾಳೆ ಎಂದುಕೊಂಡೆ. ಊಟವಾದ ಮೇಲೆ ಅವಳು ನಲ್ಲಿಯ ಹತ್ತಿರ ಸೀರೆ ಹಿಂಡುತ್ತಿದ್ದಳು. ನೀರಿನ ಸದ್ದು ಕೇಳುತ್ತಿರುವವರೆಗೂ ನನಗೆ ಹೊತ್ತಿತ್ತು. ಮೂಲೆ ಬಿಚ್ಚಿದೆ, ಗಂಟು ತೆಗೆದು ಎಲೆಅಡಿಕೆ ಸಂಚಿಯಲ್ಲಿ ತುರುಕಿದೆ, ಮತ್ತೆ ಹೊಲಿದೆ. ಅವಸರಕ್ಕೆ ಹೊಲಿಗೆ ಉದ್ದುದ್ದ ಬಿತ್ತು, ಅಕ್ಕನ ಅಕ್ಕಿಕಾಳಿನಂತಲ್ಲ. ಬಿಚ್ಚಿ ಸರಿಮಾಡೋಣ ಎನ್ನುವಷ್ಟರಲ್ಲಿ ನೀರಿನ ಸದ್ದು ನಿಂತಿತು…

ಮರುದಿನ ಮಷೀನು ಏನೂ ಹೇಳಲಿಲ್ಲ. ದೊಡ್ಡ ಹಾಲ್, ತಣ್ಣನೆಯ ಗಾಳಿ, ಕೋಟು ಹಾಕಿದವರು. ಯಾರ ಮುಖದಲ್ಲೂ ನಗು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಆ ಮುಖ್ಯಸ್ಥೆ ತಲೆ ನೆರೆತ ಹೆಂಗಸು, ಅಕ್ಕನ ವಾರಿಗೆಯವಳೇ ಇರಬೇಕು. ಅವಳ ಮಾತನ್ನು ಒಬ್ಬ ಹಿಂದಿಗೆ ಮಾಡುತ್ತಿದ್ದ, ನಾನು ಅದನ್ನು ಕನ್ನಡಕ್ಕೆ ಮಾಡಿ ಅಕ್ಕನಿಗೆ ಹೇಳಬೇಕು. ನಡುವಿನ ನೀಲಿ ಬಟ್ಟೆ ಕಂಡಾಗ ಆ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ತನ್ನ ಅಜ್ಜಿಯ ಮನೆಯ ಪರದೆ ಇಂಥದ್ದೇ ಇತ್ತು ಎಂದಳು. ಮೊದಲ ಸಲ ಹಾಲ್‌ನಲ್ಲಿ ಉಸಿರು ಸಡಿಲವಾಯಿತು.

ಅಕ್ಕನಿಗೆ ಹಿಗ್ಗು ತಡೆಯಲಿಲ್ಲ. ಯಾರನ್ನೂ ಕೇಳದೆ ಆ ಹೆಂಗಸಿನ ಕೈ ಹಿಡಿದು ಕೌದಿಯ ಮೂಲೆಗೆ ಒಯ್ದಳು. "ಇಲ್ಲಿ ಮುಟ್ಟಿ ನೋಡ್ರಿ ತಾಯಿ, ನಿಮ್ಮ ಪಾಲಿಂದು ಐತಿ."

ಅಕ್ಕನ ಬೆರಳುಗಳು ಮೂಲೆಯನ್ನು ಒತ್ತಿದವು. ಮತ್ತೊಮ್ಮೆ ಒತ್ತಿದವು. ಹೆಬ್ಬೆರಳು ಹೊಲಿಗೆಯ ಮೇಲೆ ಮೆಲ್ಲಗೆ ಹರಿದು ನಿಂತಿತು. ಆಮೇಲೆ ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಏನು ತೋರಿಸುತ್ತಿದ್ದಾರೆ?" ಎಂದು ಹಿಂದಿಯವನು ಕೇಳಿದ. ಹಿಂದೆ ನಿಂತಿದ್ದ ನಿನ್ನೆಯ ಅಧಿಕಾರಿಯ ಕಣ್ಣು ಸಣ್ಣದಾಯಿತು. ಮೇಡಂ ನನ್ನ ರಟ್ಟೆ ಹಿಡಿದರು. ಆ ಹೆಂಗಸಿನ ಕೈ ಇನ್ನೂ ಅಲ್ಲೇ ಇತ್ತು, ಕಾಯುತ್ತಿತ್ತು. ಗಂಟಿನ ಬಗ್ಗೆ ಅಕ್ಕ ಒಂದು ಮಾತು ಆಡಿದ್ದರೆ ಸಾಕಿತ್ತು, ಎಲ್ಲ ಮುಗಿಯುತ್ತಿತ್ತು.

"ಹೇಳ ಅವರಿಗೆ," ಎಂದಳು ಅಕ್ಕ, ತಣ್ಣಗೆ. "ಇದು ನನ್ನ ತಂಗಿ ಹಾಕಿದ ಹೊಲಿಗಿ. ಅದನ್ನ ತೋರಸಾಕ ಹತ್ತಿದ್ದೆ ಅಂತ ಹೇಳ."

ಹೇಳಿದೆ. ಆ ಹೆಂಗಸು ನಕ್ಕು ನನ್ನ ಎರಡೂ ಕೈ ಹಿಡಿದುಕೊಂಡಳು. ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ಮರುದಿನ ಮರಾಠಿ ಪೇಪರಿನಲ್ಲಿ ಬಂದ ಚಿತ್ರದಲ್ಲಿ ನನ್ನ ಕೈ ಅವಳ ಕೈಯಲ್ಲಿದೆ. ಅಕ್ಕನದು ಒಂದು ಭುಜ ಮಾತ್ರ ಕಾಣುತ್ತದೆ.

ತಿರುಗಿ ಬರುವಾಗ ಬಸ್ಸು ಯೇವಲಾ ದಾಟುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ, "ಕಾಳು ಎಲ್ಲಿ ಅದಾವು?" ಎಂದಳು.

ಮುಂದಿನ ಸೀಟಿನಲ್ಲಿ ಮೇಡಂ ಇದ್ದರು. ಸಂಚಿಯೊಳಗಿನ ಗಂಟು ನನ್ನ ಸೊಂಟಕ್ಕೆ ಒತ್ತುತ್ತಿತ್ತು. "ಚೆಲ್ಲಿದೆ," ಎಂದೆ. "ಕಾಳು ಇದ್ರ ಆ ದೇಶದಾಗ ಬಿಡಂಗಿಲ್ಲಂತ ಅಕ್ಕಾ. ಮಷೀನಿನ್ಯಾಗ ಕಾಣ್ತಿತ್ತು."

ಅವಳು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು. "ಅವರ ಮನೀ ಪದ್ಧತಿ ಹಂಗಿದ್ರ ಕಾಳು ಬ್ಯಾಡಾಗಿತ್ತು. ಅರಿಶಿಣ ಹಚ್ಚಿದ ನೂಲಿನ ಉಂಡಿ ಇಡತಿದ್ದೆ. ಇಲ್ಲಾ ಅವ್ವನ ಸೀರಿದs ಒಂದು ಚೂರು… ಬರೇ ಉಡೀಲೆ ಕಳಸ್ತಿರಲಿಲ್ಲ. ನನಗ ಹೇಳಬೇಕಿತ್ತಲ್ಲವಾ ನೀ."

ಅವಳು ಹೀಗೆ ಬೇರೆ ದಾರಿ ಹುಡುಕಬಲ್ಲಳು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಭೇಟಿ ಸುಸೂತ್ರವಾಯಿತು, ದಿಲ್ಲಿಯಲ್ಲಿ ಮಾತುಕತೆಯೂ ಶುರುವಾಯಿತು ಎಂದು ಮೇಡಂ ಹೇಳಿದರು. ಮಂಡಳಿಗೆ ಕೆಲಸ ಬಂತು, ನನ್ನ ಅಂಗೈ ಮೆತ್ತಗಾಯಿತು. ಅಕ್ಕ ನನ್ನೊಡನೆ ಮಾತು ಬಿಡಲಿಲ್ಲ, ಬೈಯಲೂ ಇಲ್ಲ. ಆದರೆ ಆಮೇಲಿನ ಯಾವ ಕೌದಿಗೂ ಉಡಿ ತುಂಬಲು ನನ್ನನ್ನು ಕರೆಯಲಿಲ್ಲ. ಪಕ್ಕದ ಮನೆಯ ಸೊಸೆಯನ್ನು ಕರೆದು, "ನೀನೂ ನಮ್ಮನೀ ಮಗಳs," ಎನ್ನುತ್ತಿದ್ದಳು. ನಾನು ಅಲ್ಲೇ ಕುಳಿತು ನನ್ನ ತುಂಡು ಹೊಲಿಯುತ್ತಿದ್ದೆ. ಗಂಟು ಟ್ರಂಕಿನಲ್ಲಿತ್ತು. ನಾಳೆ ಕೊಡೋಣ, ಹಬ್ಬಕ್ಕೆ ಕೊಡೋಣ…

ಈ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು.

ಮೊನ್ನೆ ಅವಳ ಮಗಳು ಒಂದು ಕೌದಿ ತಂದು ಕೊಟ್ಟಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅವಳ ಬಾಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. "ಮಾವಶೀ, ಅವ್ವ ನಿನಗ ಅಂತ ಮಾಡಿದ್ದು. ಪೂರಾ ಝಾಲಂ ನಾಹೀ. ಮೀ ಶಿವೂ ಕಾ?" ಮುಗಿದಿಲ್ಲ ಚಿಕ್ಕವ್ವ, ನಾನು ಹೊಲಿಯಲೇ ಎಂದು ಕೇಳುತ್ತಿದ್ದಳು.

ಒಂದು ಮೂಲೆ ನಾಲ್ಕು ಬೆರಳಿನಷ್ಟು ತೆರೆದಿತ್ತು. ದಾರ ಪೋಣಿಸಿದ ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು. ಪಕ್ಕದ ಮನೆಯ ಸೊಸೆ ಗೋಡೆಯಾಚೆಗೇ ಇದ್ದಾಳೆ, ಅಕ್ಕ ಕರೆದಿದ್ದರೆ ಬರುತ್ತಿದ್ದಳು. ನನಗಾಗಿಯೇ ಬಿಟ್ಟಳೋ, ಕೈಲಾಗದೆ ಬಿಟ್ಟಳೋ… ಕೇಳಲು ಯಾರಿದ್ದಾರೆ.

ಆ ಕೌದಿಗೆ ಜಾಗ ಮಾಡುವಾಗಲೇ ಈ ಗಂಟು ಸಿಕ್ಕಿದ್ದು. ಬಿಚ್ಚಲಿಲ್ಲ. ಹಿಚುಕಿದರೆ ಹೆಚ್ಚು ಭಾಗ ಹಿಟ್ಟಾಗಿದೆ, ನಡುವೆ ಒಂದೆರಡು ಕಾಳು ಇನ್ನೂ ಗಟ್ಟಿ. ಅವಳು ಕಟ್ಟಿದ್ದನ್ನು ನಾನು ಕೌದಿಯ ಆ ತೆರೆದ ಮೂಲೆಯೊಳಗಿಟ್ಟೆ. ಬಾಯಿ ಹೊಲಿಯುವ ಕೆಲಸ ಯಾವತ್ತೂ ನನ್ನದಾಗಿರಲಿಲ್ಲ, ಅದು ಅಕ್ಕನದು. ಸೂಜಿ ಹಿಡಿದ ಹುಡುಗಿಗೆ ಬೇಡ ಎಂದೆ. ಆ ಮೂಲೆಯ ಬಾಯಿ ಈಗಲೂ ತೆರೆದೇ ಇದೆ.